ಅನಸೂಯಮ್ಮನ ಪಾಲಿನ ತಗಡು

ಮದ್ರಾಸಿನ ಪಲ್ಲಾವರಂನಲ್ಲಿ ನಾವು ಬಾಡಿಗೆಗಿದ್ದ ಮನೆ ಎರಡನೆಯ ಮಹಡಿಯಲ್ಲಿತ್ತು. ಅಡುಗೆಮನೆಯ ಕಿಟಕಿ ತೆರೆದರೆ ಎದುರುಮನೆಯ ತಾರಸಿಗೆ ಹೊದಿಸಿದ್ದ ತಗಡಿನ ಮಾಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸ್ವಲ್ಪ ಬಗ್ಗಿದರೆ ಮಾಡಿನ ಕೆಳಗೆ ನಡೆಯುವುದೂ ಕಾಣುತ್ತಿತ್ತು. ಬೇರೆಯವರು ಒಲೆಯ ಮುಂದೆ ನಿಂತು ಮರ ನೋಡುತ್ತಾರೆ, ರಸ್ತೆ ನೋಡುತ್ತಾರೆ. ನಾನು ಮದ್ರಾಸಿಗೆ ಬಂದಾಗಿನಿಂದ ತುಕ್ಕು ನೋಡಿಕೊಂಡೇ ಸಾರು ಕುದಿಸಿದವಳು. ಹಾಗಾಗಿ ಆ ತಗಡಿನ ವಿಷಯ ಮಾತಾಡಲು ನನಗಿಂತ ಹೆಚ್ಚಿನ ಹಕ್ಕು ಯಾರಿಗೂ ಇಲ್ಲ. ನನ್ನ ಹೆಸರು ಮೌನ. ಹೆಸರಿಟ್ಟವರಿಗೆ ಆಗ ನನ್ನ ಪರಿಚಯ ಇರಲಿಲ್ಲ.

ಆ ಮನೆ ಅನಸೂಯಮ್ಮನದು. ಬಂಗಾರಪೇಟೆಯ ಹುಡುಗಿಯಾಗಿ ಮದುವೆಯಾಗಿ ಬಂದವರು, ನಾನು ನೋಡುವ ಹೊತ್ತಿಗೆ ಅರ್ಧ ತಮಿಳು ಅರ್ಧ ಕನ್ನಡ ಮಾತಾಡುವ ಪಕ್ಕಾ ಪಲ್ಲಾವರಂ ಹೆಂಗಸಾಗಿದ್ದರು. ಮಗಳು ಶ್ರೀಯಾಗೆ ಕನ್ನಡದಲ್ಲಿ ಬೈಯುವರು, ಅವಳು ತಮಿಳಿನಲ್ಲಿ ಎದುರು ಹೇಳುವಳು, ಜಗಳ ಮಾತ್ರ ಚೆನ್ನಾಗಿಯೇ ಸಾಗುತ್ತಿತ್ತು. ಗಂಡ ಹರಿಹರ ವಿಮಾ ಕಚೇರಿಯಲ್ಲಿದ್ದರು. ಮಾವ ಹನುಮಂತಯ್ಯ ರೈಲ್ವೆಯಲ್ಲಿದ್ದಾಗ ಕಟ್ಟಿಸಿದ ಮನೆ ಅದು. ತಾರಸಿಯ ಮೇಲಿನ ತಗಡುಗಳನ್ನು ಅವರು ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ, ಹಳೇ ಸಾಮಾನಿನವರ ಹತ್ತಿರ ಒಂದೊಂದಾಗಿ ಆರಿಸಿ ತಂದು ಹೊದಿಸಿದ್ದರಂತೆ. ತಂದಾಗಲೇ ಅವಕ್ಕೆ ವಯಸ್ಸಾಗಿತ್ತು.

ಅನಸೂಯಮ್ಮನ ಬಗ್ಗೆ ಮೊದಲು ಹೇಳಬೇಕಾದದ್ದು ಅವರ ಹೊಟ್ಟೆಕಿಚ್ಚು. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಬೇರೆಯವರು ತಲೆನೋವು ಬಂದಿದೆ ಅನ್ನುವ ಹಾಗೆ ಅವರೇ ಬಾಯಿಬಿಟ್ಟು ಹೇಳುತ್ತಿದ್ದರು. ಪಕ್ಕದ ಬೀದಿಯವರ ಕರಿಬೇವಿನ ಗಿಡ ಇವರದಕ್ಕಿಂತ ಎತ್ತರ ಬೆಳೆದರೆ ಹೊಟ್ಟೆಕಿಚ್ಚು. ನನ್ನ ಇಡ್ಲಿ ಒಂದು ದಿನ ಮೆತ್ತಗಾದರೆ ಹೊಟ್ಟೆಕಿಚ್ಚು. ಕಿಚ್ಚು ಹತ್ತಿದಾಗಲೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದು, “ಮೌನಾ, ಹೊಟ್ಟೆ ಉರೀತಿದೆಯಮ್ಮ, ಒಂದು ಲೋಟ ಮಜ್ಜಿಗೆ ಕೊಡು” ಅನ್ನುವರು. ಕುಡಿದು, ಯಾರ ಮೇಲೆ ಯಾಕೆ ಅಂತ ಹೇಳಿ, ಹಗುರಾಗಿ ಇಳಿದು ಹೋಗುವರು. ಒಳಗೊಂದು ಹೊರಗೊಂದು ಇಟ್ಟುಕೊಳ್ಳುವ ಜನರ ನಡುವೆ ನನಗೆ ಅವರನ್ನು ಕಂಡರೆ ತುಂಬ ಇಷ್ಟವಾಗುತ್ತಿತ್ತು.

ಅವರ ಮಜ್ಜಿಗೆ ಲೋಟಗಳಲ್ಲಿ ಹೆಚ್ಚಿನವು ವಂದನಾಳ ಲೆಕ್ಕಕ್ಕೇ ಹೋಗುತ್ತಿದ್ದವು. ವಂದನಾ ಓರಗಿತ್ತಿ, ಹರಿಹರರ ತಮ್ಮ ವಿಶ್ವನಾಥನ ಹೆಂಡತಿ. ಅವನಿಗೆ ಬ್ಯಾಂಕಿನಲ್ಲಿ ಕೆಲಸ. ಅವಳು ಮೈಸೂರಿನ ಹುಡುಗಿ, ಮೆಲ್ಲಗೆ ಮಾತಾಡುವವಳು, ಮಾಡಬೇಕೆಂದದ್ದನ್ನು ಮೆಲ್ಲಗೆಯೇ ಮಾಡಿ ಮುಗಿಸುವವಳು. “ಅವಳು ಒಂದು ಸಲ ಜೋರಾಗಿ ಜಗಳ ಆಡಿದ್ರೆ ನಾನು ಅವಳನ್ನ ಕ್ಷಮಿಸಿಬಿಡ್ತಿದ್ದೆ” ಎಂದು ಅನಸೂಯಮ್ಮ ಹೇಳುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರು. ಕೆಳಗೆ ನಡುವೆ ಗೋಡೆ ಎದ್ದಿತು. ಮೇಲೆ ತಾರಸಿಯಲ್ಲಿ ಗೋಡೆ ಕಟ್ಟಿದರೆ ಮಧ್ಯಾಹ್ನದ ಕಡಲಗಾಳಿ ನಿಲ್ಲುತ್ತದೆಂದು ಕಟ್ಟಲಿಲ್ಲ. ಹರಿಹರ ಅವರು ಗೇಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಿಂದ ನೆಲದ ಮೇಲೊಂದು ಗೆರೆ ಎಳೆದರು. ಗೆರೆಯಿಂದ ಮೂಡಣಕ್ಕೆ, ನೀರಿನ ಟ್ಯಾಂಕಿರುವ ಕಡೆ, ಹಿರಿಯರದು. ಪಡುವಣಕ್ಕೆ ಕಿರಿಯರದು. ಮಾಡು ಮಾತ್ರ ಒಂದೇ ಉಳಿಯಿತು. ಅದು ಮೂಡಣದಿಂದ ಪಡುವಣಕ್ಕೆ ಇಳಿಜಾರಾಗಿದ್ದ ಒಂದೇ ಮಾಡು, ಅಂದರೆ ಅನಸೂಯಮ್ಮನ ತಗಡಿನ ಮೇಲೆ ಬಿದ್ದ ನೀರು ವಂದನಾಳ ತಗಡಿನ ಮೇಲೆ ಹರಿದೇ ಕೆಳಗೆ ಹೋಗಬೇಕು. ಈ ವಿಷಯ ಪಾಲು ಮಾಡುವಾಗ ಯಾರ ತಲೆಗೂ ಹೊಳೆಯಲಿಲ್ಲ.

ಆ ಸಮಯದಲ್ಲಿ ಅತ್ತೆ ಸಾಕಮ್ಮನವರು ಊರಿನಲ್ಲಿರಲಿಲ್ಲ, ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದರು. ಹೋಗುವಾಗ ಮಸುಕಾಗಿದ್ದ ಕಣ್ಣು ಬರುವ ಹೊತ್ತಿಗೆ ಪೂರ್ತಿ ಹೋಗಿತ್ತು. ಬಂದವರೇ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದರು. ಅಳಲಿಲ್ಲ. “ಪಾಲಾಗಿದ್ದು ಆಯ್ತು. ನಾನಿರೋದು ಹಿರೀ ಸೊಸೆ ಪಾಲಲ್ಲಿ. ಉಣ್ಣೋದೂ ಅಲ್ಲೇ, ಮಲಗೋದೂ ಅಲ್ಲೇ. ಇಲ್ಲಿ ಉಂಡು ಅಲ್ಲಿ ನೆರಳಿಗೆ ಹೋದ್ರೆ ಇಬ್ಬರ ಮಧ್ಯೆ ಬೆಂಕಿ ಹಾಕಿದ ಹಾಗೆ” ಎಂದರು. ಅವರ ಅತ್ತೆಯೂ ಪಾಲಾದ ಮೇಲೆ ಹಾಗೇ ಒಂದು ಕಡೆ ಹಿಡಿದು ಕೂತಿದ್ದರಂತೆ. ಆ ದಿನ ಅನಸೂಯಮ್ಮ ಮಜ್ಜಿಗೆಗೆ ಬರಲಿಲ್ಲ. ನನಗೇ ಒಂದು ಪಾತ್ರೆ ಪಾಯಸ ತಂದುಕೊಟ್ಟರು. ಮದುವೆಯಾಗಿ ಬಂದಾಗಿನಿಂದ ಆ ಅತ್ತೆಗೆ ಬಡಿಸಿದವರು, ಎಣ್ಣೆ ಹಚ್ಚಿದವರು ಅವರು. ಜನರೆದುರು ಅದಕ್ಕೆ ಬೆಲೆ ಸಿಕ್ಕಿದ್ದು ಅದೇ ಮೊದಲು.

ಸಾಕಮ್ಮನವರಿಗೆ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಬೆಳಗ್ಗೆ ಕಾಫಿಯಾದ ಮೇಲೆ ಕೈಹಿಡಿಸಿಕೊಂಡು ತಾರಸಿಗೆ ಬಂದರೆ ಸಂಜೆಯವರೆಗೂ ಅಲ್ಲೇ, ತಗಡಿನ ಕೆಳಗೆ ಟ್ಯಾಂಕಿನ ಪಕ್ಕ ಹಾಕಿದ ಹಗ್ಗದ ಮಂಚದ ಮೇಲೆ. ವಿಮಾನ ನಿಲ್ದಾಣ ಹತ್ತಿರ, ವಿಮಾನಗಳು ಮನೆಯ ಮೇಲೆ ಹಾದೇ ಇಳಿಯುತ್ತಿದ್ದವು. ಸದ್ದು ಬಂದಾಗ ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ಅದೇ ಪದದಿಂದ ಮುಂದುವರಿಸುವುದು ಅವರಿಗೆ ಅಭ್ಯಾಸವಾಗಿತ್ತು.

ಅವರು ಬಂದ ಸ್ವಲ್ಪ ದಿನಕ್ಕೇ ಬಿಸಿಲು ಏರಿತು. ಮೇ ತಿಂಗಳ ಕತ್ತಿರಿ ಬಿಸಿಲು ಇನ್ನೂ ಶುರುವಾಗಿರಲಿಲ್ಲ, ಆಗಲೇ ಮಧ್ಯಾಹ್ನ ಆ ತಗಡಿನ ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ವಂದನಾ ಎಲ್ಲೋ ಕೇಳಿಕೊಂಡು ಬಂದಳು: ತುಕ್ಕು ಕೆರೆದು ಬಿಸಿಲು ತಡೆಯುವ ಬಿಳಿ ಬಣ್ಣ ಹೊಡಿಸಿದರೆ ಕೆಳಗೆ ತಂಪಾಗುತ್ತದಂತೆ. ಮೆಟ್ಟಿಲ ಹತ್ತಿರ ಅನಸೂಯಮ್ಮನನ್ನು ನಿಲ್ಲಿಸಿ, “ಅಕ್ಕ, ಎರಡು ಕಡೆದೂ ಒಟ್ಟಿಗೇ ಮಾಡಿಸೋಣ್ವಾ?” ಎಂದು ಕೇಳಿದಳು.

“ನಮ್ಮ ತಗಡಿಗೆ ಏನಾಗಿದೆ?” ಎಂದರು ಅನಸೂಯಮ್ಮ.

ತಗಡಿಗೆ ಏನಾಗಿದೆ ಅಂತ ನನ್ನ ಕಿಟಕಿಗೆ ಬಂದು ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಅವರ ಸಂಕಟ ತಗಡಿನದಲ್ಲ. ಮಜ್ಜಿಗೆ ಕುಡಿಯುತ್ತ ಹೇಳಿದರು: “ಹಿರಿಯಳು ನಾನು. ಅತ್ತೆ ಇರೋದು ನನ್ನ ಪಾಲಲ್ಲಿ. ಬಣ್ಣದ ಯೋಚನೆ ಮೊದಲು ನನಗೆ ಬರಬೇಕಿತ್ತು. ಅವಳಿಗೆ ಹೇಗೆ ಬಂತು? ಈಗ ಹ್ಞೂಂ ಅಂದ್ರೆ ಅವಳು ಹೇಳಿ ನಾನು ಮಾಡಿಸಿದ ಹಾಗಾಯ್ತಲ್ಲ!”

ವಂದನಾ ತನ್ನ ಅರ್ಧಕ್ಕೆ ಮಾತ್ರ ಕೆಲಸ ಶುರುಮಾಡಿಸಿದಳು. ಬಣ್ಣದವನು ಏಳುಮಲೈ, ಬಾಯಿತುಂಬ ಎಲೆಅಡಿಕೆ, ಕೈತುಂಬ ಕೆಲಸ. ತಂತಿಯ ಬ್ರಷ್ಷು ಹಿಡಿದು ತಗಡಿನ ಏರುತಗ್ಗುಗಳಲ್ಲೆಲ್ಲ ಕರಕರ ಕೆರೆದ. ಹಲ್ಲು ಜುಂ ಅನ್ನುವ ಸದ್ದು. ಬೀದಿಯ ನಾಯಿಗಳು ಕೂಡ ದೂರ ಹೋಗಿ ಮಲಗಿದವು. ಕೆರೆದ ಮೇಲೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದ, ಕೊರೆದುಹೋದ ಬೋಲ್ಟುಗಳನ್ನು ಬದಲಿಸಿದ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು ಒಣಗಲು ಬಿಟ್ಟ, ಅದರ ಮೇಲೆ ಬಿಳಿ, ಆಮೇಲೆ ಮತ್ತೊಂದು ಕೈ ಬಿಳಿ. ಗೆರೆಯ ನೇರಕ್ಕೆ ಬಂದು ನಿಲ್ಲಿಸಿದ. ಮೇಲಿನಿಂದ ನೋಡಿದರೆ ಅರ್ಧ ಮಾಡು ಕಣ್ಣು ಕೋರೈಸುವ ಬಿಳುಪು, ಅರ್ಧ ಹಳೇ ಗಾಯದ ಹಕ್ಕಳೆಯಂಥ ತುಕ್ಕು.

ಬ್ರಷ್ಷು ತೊಳೆಯುತ್ತ ಏಳುಮಲೈ ಅನಸೂಯಮ್ಮನ ಕಡೆ ತಿರುಗಿ, ಮೇಲ್ಗಡೆ ತುಕ್ಕು ಬಿಟ್ಟರೆ ಮಳೆಗೆ ಕೆಳಗಿನ ಬಿಳಿಯ ಮೇಲೆ ಇಳಿಯುತ್ತದೆ, ನಿಮ್ಮದನ್ನೂ ಸೇರಿಸಿ ಮುಗಿಸಿಬಿಡಲೇ ಎಂದು ತಮಿಳಿನಲ್ಲಿ ಕೇಳಿದ.

“ಇರಂಗಟ್ಟುಂ” ಎಂದರು ಅನಸೂಯಮ್ಮ. ಇಳಿಯಲಿ ಬಿಡು ಅಂತ.

ಇದಾದ ಮೇಲೆ ಒಂದು ದಿನ ಅನಸೂಯಮ್ಮ ಮಾಧವರಂನಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದರು. ಪಲ್ಲಾವರಂನಿಂದ ಮಾಧವರಂಗೆ ಹೋಗಿಬರುವುದೆಂದರೆ ಊರಿನ ಈ ತುದಿಯಿಂದ ಆ ತುದಿ. ಬೆಳಗ್ಗೆ ಹೋದವರು ಬಂದಾಗ ಸಂಜೆಯಾಗಿತ್ತು. ಸೀರೆ ಕೂಡ ಬದಲಿಸದೆ ಅತ್ತೆಗೆ ಕಾಫಿ ತೆಗೆದುಕೊಂಡು ತಾರಸಿಗೆ ಹತ್ತಿದರು. ನಾನು ಒಗ್ಗರಣೆ ಹಾಕುತ್ತ ಕಿಟಕಿಯಿಂದ ನೋಡುತ್ತಿದ್ದೆ. ಟ್ಯಾಂಕಿನ ಪಕ್ಕ ಮಂಚ ಇರಲಿಲ್ಲ. ಗೆರೆಯಾಚೆ, ಬಿಳಿ ಮಾಡಿನ ಕೆಳಗೆ ಇತ್ತು. ಸಾಕಮ್ಮನವರು ಅದರ ಮೇಲೆ ಕಾಲು ಚಾಚಿ, ಬಾಯಿ ಸ್ವಲ್ಪ ತೆರೆದು, ಎಷ್ಟೋ ದಿನಗಳ ನಿದ್ದೆ ಬಾಕಿಯಿದ್ದವರ ಹಾಗೆ ಮಲಗಿದ್ದರು. ಅನಸೂಯಮ್ಮ ಲೋಟ ಹಿಡಿದುಕೊಂಡು ಗೆರೆಯ ಹತ್ತಿರ ನಿಂತುಬಿಟ್ಟರು. ನನ್ನ ಸಾಸಿವೆ ಸೀದುಹೋಯಿತು, ಅವರು ನಿಂತೇ ಇದ್ದರು. ಆಮೇಲೆ ಗೆರೆ ದಾಟಿ ಹೋಗಿ, ಅತ್ತೆಯನ್ನು ಎಬ್ಬಿಸಿ, ಕಾಫಿ ಕುಡಿಸಿದರು.

ಆ ಸಂಜೆ ಮಜ್ಜಿಗೆ ಲೋಟವನ್ನು ಕುಡಿಯದೆ ಕಟ್ಟೆಯ ಮೇಲೆ ಕುಕ್ಕಿದರು. “ನನ್ನ ಪಾಲು ಬಿಟ್ಟು ಕದಲಲ್ಲ ಅಂದಿದ್ರು ಮೌನಾ. ಒಂದು ಡಬ್ಬಿ ಬಣ್ಣಕ್ಕೆ ಕದಲಿಬಿಟ್ರು.”

“ಬಿಸಿಲು ತಡೆಯೋಕಾಗದೆ ಹೋಗಿರ್ತಾರೆ. ಕೇಳಿನೋಡಿ” ಎಂದೆ.

“ಕೇಳೋದಾ? ಬನ್ನಿ ಅಂತ ಕೈಮುಗಿಯೋದಾ? ಅವರಾಗೇ ಹೋದ್ರು, ಅವರಾಗೇ ಬರಲಿ.”

ಸಾಕಮ್ಮನವರು ಬರಲಿಲ್ಲ. ಉಣ್ಣುವುದು ಮಾತ್ರ ಅನಸೂಯಮ್ಮನ ಕೈಯದೇ. ದಿನವೂ ತಟ್ಟೆ ಹಿಡಿದು ಗೆರೆ ದಾಟಬೇಕು, ಓರಗಿತ್ತಿಯ ನೆರಳಿನಲ್ಲಿ ಕೂತು ಅತ್ತೆಗೆ ಕಲಸಿ ಕೊಡಬೇಕು. ಅಲ್ಲಿ ಕೂತರೆ ತಂಪು ಗೊತ್ತಾಗುತ್ತಿತ್ತು. ಅದೇ ಅವರಿಗೆ ಸಹಿಸಲಾಗದ ಸಂಗತಿ. “ಸುಳ್ಳಾದ್ರೂ ಆಗಿರಬಾರದಿತ್ತಾ ಆ ಬಣ್ಣ” ಎಂದು ಗೊಣಗುತ್ತಿದ್ದರು. ಒಂದು ಸಲ ಸಾಕಮ್ಮನವರು ತುತ್ತು ನುಂಗುತ್ತ, “ಒಳ್ಳೇ ಕೆಲಸ ಆಯ್ತು ಕಣೇ ಇದು, ತಣ್ಣಗಿದೆ, ಪುಣ್ಯ ಬರಲಿ” ಎಂದರಂತೆ. ಅನಸೂಯಮ್ಮ ತಟ್ಟೆ ಎತ್ತಿಕೊಂಡು ಇಳಿದುಬಿಟ್ಟರು. ಹೂವಿನವಳು ಬಾಗಿಲಲ್ಲಿ ಮೊಳ ಹಾಕುತ್ತ, ನಿಮ್ಮ ಅತ್ತೆ ನಿಮ್ಮನ್ನು ತುಂಬ ಹೊಗಳುತ್ತಾರೆ ಎಂದಿದ್ದಕ್ಕೆ, ಗೇಲಿ ಮಾಡುತ್ತಿದ್ದಾಳೆಂದು ಅವಳ ಹತ್ತಿರ ಹೂವು ಕೊಳ್ಳುವುದನ್ನೇ ನಿಲ್ಲಿಸಿದರು.

ಗಂಡಸರಿಬ್ಬರೂ ಬೆಳಗಾದರೆ ಲೋಕಲ್ ಟ್ರೇನು ಹತ್ತಿ ಹೋಗುವವರು, ಮಂಚ ಎಲ್ಲಿದೆ ಅಂತ ತಲೆ ಎತ್ತಿ ನೋಡಿದವರಲ್ಲ. ನಾನು ಎಷ್ಟೋ ಸಲ ಹೇಳಿದೆ, ನೀವೂ ಬಣ್ಣ ಹೊಡಿಸಿ, ಮಂಚ ತಾನಾಗಿ ಬರುತ್ತದೆ ಎಂದು. “ಈಗ ಹೊಡಿಸಿದ್ರೆ ಅವಳನ್ನ ನೋಡಿ ಹೊಡಿಸಿದ್ದು ಅಂತ ಊರೆಲ್ಲ ಹೇಳತ್ತೆ” ಎನ್ನುವರು. ಊರಿಗೆ ಬೇರೆ ಕೆಲಸವಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ.

ಐಪ್ಪಸಿಯ, ಅಂದರೆ ದೀಪಾವಳಿ ಹೊತ್ತಿನ, ಮಳೆ ಬಂತು. ಆ ವರ್ಷ ಮೊದಲ ದಿನವೇ ಚೆನ್ನಾಗಿ ಸುರಿಯಿತು. ಮಳೆ ನಿಂತ ಬೆಳಗ್ಗೆ ಅನಸೂಯಮ್ಮ ಓಡೋಡಿ ನಮ್ಮ ಮನೆಗೆ ಬಂದರು, ನೇರ ಅಡುಗೆಮನೆಗೆ ನುಗ್ಗಿ ಕಿಟಕಿಯ ಮುಂದೆ ನಿಂತರು.

“ನೋಡು ಮೌನಾ, ನೋಡು!”

ನೋಡಿದೆ. ಅವರ ತಗಡಿನ ತುಕ್ಕು ಕರಗಿ, ಪ್ರತಿ ತಗ್ಗಿನಲ್ಲೂ ಸಾಲಾಗಿ ಇಳಿದು, ವಂದನಾಳ ಬಿಳಿಯ ಮೇಲೆ ಉದ್ದುದ್ದ ಕಂದು ಪಟ್ಟೆ ಎಳೆದಿತ್ತು. ಅನಸೂಯಮ್ಮನ ಮುಖದಲ್ಲಿ ಹಬ್ಬದ ಕಳೆ. ಮಜ್ಜಿಗೆ ಕೊಡಲೇ ಎಂದು ಕೇಳಿದರೆ, “ಇವತ್ತು ಬೇಡ, ಕಾಫಿ ಮಾಡು” ಎಂದರು. ನನಗೆ ರೇಗಿತು. “ಅವಳ ಮಾಡು ಹಾಳಾಗಬೇಕೂಂತ ನಿಮ್ಮ ಮಾಡನ್ನ ಕೊಳೆಸಿಕೊಳ್ತಿದೀರಲ್ಲ, ತೂತು ಬೀಳೋದು ಯಾರದಕ್ಕೆ?” ಎಂದು ಕೇಳಿಯೇಬಿಟ್ಟೆ. “ಬೀಳಲಿ” ಎಂದು ಕಾಫಿ ಕುಡಿದು ಹೋದರು. ಆಚೆ ವಂದನಾ ಏಣಿ ಹಾಕಿಕೊಂಡು ಪೊರಕೆಯಿಂದ ಪಟ್ಟೆಗಳನ್ನು ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಹರಡಿತು. ಆಗಲೂ ಅವಳು ಗೆರೆಯ ಈಚೆಗೆ ಒಂದು ಮಾತು ಎಸೆಯಲಿಲ್ಲ. ಒಪ್ಪಿಕೊಳ್ಳುತ್ತೇನೆ, ಅಷ್ಟು ತಾಳ್ಮೆ ಕಂಡರೆ ನನಗೂ ಸ್ವಲ್ಪ ಸಿಟ್ಟು ಬರುತ್ತಿತ್ತು.

ತೂತು ಬಿದ್ದಿತು. ಗೆರೆಯ ನೇರಕ್ಕೆ, ಮೇಲಿನ ತಗಡು ಕೆಳಗಿನ ತಗಡಿನ ಮೇಲೆ ಕೂತ ಜಾಗದಲ್ಲಿ, ಅನಸೂಯಮ್ಮನ ಕಡೆಯ ಬೋಲ್ಟಿನ ಸುತ್ತ ಕೊರೆದುಹೋಗಿ ನೀರು ಒಳಗಿಳಿಯತೊಡಗಿತು.

ಅದು ತಿಳಿದದ್ದು ಒಂದು ಜಿಟಿಜಿಟಿ ಮಧ್ಯಾಹ್ನ. ಅವರ ಪಾತ್ರೆಯೊಂದನ್ನು ಕೊಟ್ಟುಬರಲು ಹೋಗಿದ್ದವಳು ಅನಸೂಯಮ್ಮನ ಜೊತೆಗೇ ತಾರಸಿಗೆ ಹತ್ತಿದೆ. ಅವರ ಕೈಯಲ್ಲಿ ಅತ್ತೆಯ ತಟ್ಟೆ. ಸಾಕಮ್ಮನವರು ಮಂಚದ ಮೇಲೆ ಎದ್ದು ಕೂತಿದ್ದರು. ಹೆಗಲಿನ ಮೇಲೆ ಸೀರೆ ಒದ್ದೆಯಾಗಿ ಅಂಗೈಯಗಲ ತುಕ್ಕಿನ ಕಲೆಯಾಗಿತ್ತು. ವಂದನಾ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು.

ಹೆಜ್ಜೆಯ ಸದ್ದಿಗೆ ಸಾಕಮ್ಮನವರು ಮುಖ ತಿರುಗಿಸಿ, “ಬಂದ್ಯಾ ಅನ್ಸೂಯಾ? ಏನೇ ಇದು, ಅಷ್ಟು ಕೆರೆಸಿ ಬಣ್ಣ ಹೊಡೆಸಿದ್ಯಲ್ಲ, ಒಂದು ಮಳೆಗಾಲಕ್ಕೇ ಸೋರ್ತಿದೆ ನಿನ್ನ ತಗಡು” ಎಂದರು.

“ನನ್ನ ತಗಡಾ?” ಎಂದರು ಅನಸೂಯಮ್ಮ.

“ಮತ್ತೆ ಯಾರದ್ದೇ? ನಾನಿರೋದು ನಿನ್ನ ಪಾಲಲ್ಲಿ ತಾನೆ? ಇಲ್ಲಿ ತುಕ್ಕು ಕೆರೆಯೋ ಕೆಲಸ, ದೂಳು ಬರತ್ತೆ ಅಂತ ನಾನು ಬಂದಾಗಿನಿಂದ ನನ್ನನ್ನ ಆ ಕಡೆ, ಟ್ಯಾಂಕಿನ ಹತ್ರ ವಂದನಾ ಪಾಲಲ್ಲಿ ಮಲಗಿಸಿದ್ರಂತಲ್ಲ. ಬಣ್ಣ ಆಯ್ತು, ಅಕ್ಕ ನಿಮಗೋಸ್ಕರ ಮಾಡಿಸಿದಾರೆ ಅಂತ ವಂದನಾನೇ ಇಲ್ಲಿಗೆ ಕರಕೊಂಡು ಬಂದ್ಲು. ಬೇಸಿಗೆಯೆಲ್ಲ ಎಷ್ಟು ತಣ್ಣಗಿತ್ತು! ಹೂವಿನವಳ ಹತ್ರ, ಹಾಲಿನವಳ ಹತ್ರ, ಎಲ್ಲರ ಹತ್ರ ಹೇಳ್ಕೊಂಡೆ, ನನ್ನ ಹಿರೀ ಸೊಸೆ ನನಗೆ ನೆರಳು ಮಾಡಿದ್ಲು ಅಂತ.”

ಅಷ್ಟರಲ್ಲಿ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ವಂದನಾ ತಲೆತಗ್ಗಿಸಿ ಬಕೆಟ್ಟನ್ನು ಹನಿ ಬೀಳುವ ಕಡೆ ಇಟ್ಟಳು. ಅನಸೂಯಮ್ಮ ಅತ್ತೆಗೆ ಊಟ ಮಾಡಿಸಿ, ಸೀರೆ ಬದಲಿಸಿ, ಕೆಳಗಿಳಿದ ಮೇಲೆಯೇ ಓರಗಿತ್ತಿಯ ತೋಳು ಹಿಡಿದರು.

“ಏನೇ ಇದು?”

“ನಮ್ಮ ಕಡೆಗೆ ಬನ್ನಿ ಅಂದ್ರೆ ಬರಲಿಲ್ಲ ಅಕ್ಕ. ಹಿರೀ ಸೊಸೆ ಪಾಲು ಬಿಟ್ಟು ಬರಲ್ಲ ಅಂತ ಹಟ. ಬೆನ್ನೆಲ್ಲ ಬೆವರುಸಾಲೆ ಎದ್ದು ರಕ್ತ ಬರ್ತಿತ್ತು. ಗೆರೆ ಎಲ್ಲಿದೆ ಅಂತ ಅವರಿಗೆ ಕಾಣಲ್ಲವಲ್ಲ. ಅದಕ್ಕೇ ಟ್ಯಾಂಕಿನ ಕಡೆ ನಮ್ಮದು, ಬಿಳಿ ಮಾಡಿನ ಕಡೆಯೇ ನಿಮ್ಮದು ಅಂತ ಅವರಿಗೆ ಹೇಳಿಬಿಟ್ಟೆ.”

“ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಬಿಡ್ತಿದ್ರಾ ಅಕ್ಕ?”

ಇಷ್ಟು ಕೇಳಿದ ಮೇಲೆ ಅನಸೂಯಮ್ಮ ಕರಗಿಹೋದರು, ಓರಗಿತ್ತಿಯರಿಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಹಾಗಾಗಲಿಲ್ಲ. ಅವರು ನೇರ ನನ್ನ ಮನೆಗೆ ಬಂದು, ಕೇಳದೆಯೇ ಮಜ್ಜಿಗೆ ಬಗ್ಗಿಸಿಕೊಂಡು, ಒಂದು ಲೋಟ ಮುಗಿಸಿ ಇನ್ನೊಂದು ಬಗ್ಗಿಸಿದರು. “ನೋಡಿದ್ಯಾ? ಒಳ್ಳೆಯವಳಾಗೋದ್ರಲ್ಲೂ ಅವಳೇ ಮೊದಲು. ನೆರಳೂ ಅವಳದೇ, ಆ ನೆರಳಿಗೆ ನನ್ನ ಹೆಸರು ಇಟ್ಟೋಳೂ ಅವಳೇ. ನನಗೆ ಏನು ಉಳಿಸಿದ್ಲು ಹೇಳು! ಬೈಯೋಣ ಅಂದ್ರೆ ಬಾಯಿಗೂ ಬೀಗ ಹಾಕಿಬಿಟ್ಲಲ್ಲ.” ಕಣ್ಣಲ್ಲಿ ನೀರಿತ್ತು, ಆದರೆ ಅದು ಸಿಟ್ಟಿನದು. ಅವರ ಕಣ್ಣೀರಿನ ಜಾತಿ ನನಗೆ ಚೆನ್ನಾಗಿ ಗೊತ್ತು.

ಪೊಂಗಲ್ ಕಳೆದು ಆಕಾಶ ತಿಳಿಯಾದ ಕೂಡಲೇ ಅವರೇ ಏಳುಮಲೈನನ್ನು ಹುಡುಕಿಕೊಂಡು ಹೋಗಿ ಕರೆತಂದರು. ಅದೇ ಬಿಳಿ, ಅದೇ ಡಬ್ಬಿ ಬೇಕೆಂದರು. ಈಗ ಊರು ಏನಾದರೂ ಹೇಳಿಕೊಳ್ಳಲಿ. ಕೊಳೆತ ತಗಡೊಂದನ್ನು ಬದಲಿಸಿದ್ದಾಯಿತು, ತೂತಿಗೆ ತೇಪೆ ಬಿತ್ತು. ಕೆರೆಯುವಾಗ ಅನಸೂಯಮ್ಮ ಏಣಿಯ ತುದಿಯಲ್ಲಿ ನಿಂತು ಇಲ್ಲಿ ಬಿಟ್ಟೆ, ಅಲ್ಲಿ ಬಿಟ್ಟೆ ಎಂದು ತೋರಿಸುತ್ತಿದ್ದರು. ಏಳುಮಲೈಗೆ ಸಾಕಾಗಿ ಇನ್ನೊಂದು ಬ್ರಷ್ಷು ಅವರ ಕೈಗೇ ಕೊಟ್ಟ. ಅವರು ಸೆರಗು ಬಿಗಿದು ಕೆರೆದರು, ಅಂಗೈ ಬೊಬ್ಬೆಯೇಳುವವರೆಗೂ ಕೆರೆದರು. ತಮ್ಮ ತುಕ್ಕು ಇಳಿದು ಪಟ್ಟೆಯಾಗಿದ್ದ ವಂದನಾಳ ಕಡೆಗೂ ಮತ್ತೊಂದು ಕೈ ಹೊಡಿಸಿದರು. ಅದನ್ನು ನನಗೆ ಹೇಳುವಾಗ, “ಪಾಪ ಅಂತಲ್ಲ. ಬಾಕಿ ಇಟ್ಟುಕೊಳ್ಳೋದು ಬೇಡ ಅಂತ” ಎಂದರು. ಕಿಟಕಿಯಿಂದ ನೋಡಿದರೆ ಮಾಡು ಪೂರ್ತಿ ಬಿಳಿ. ಯಾರದು ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿದ್ದವರಿಗೂ ಗೊತ್ತಾಗುವಂತಿರಲಿಲ್ಲ.

ಬಿಸಿಲು ಮತ್ತೆ ಏರುವ ಮುಂಚೆ ಮಂಚ ವಾಪಸು ತರುವ ದಿನ ಗೊತ್ತಾಯಿತು. ಒಳ್ಳೇ ದಿನವಾಗಲಿ ಎಂದು ಶುಕ್ರವಾರವನ್ನೇ ಆರಿಸಿದರು. ನನ್ನನ್ನೂ ಕರೆದಿದ್ದರು, ಗೆದ್ದದ್ದನ್ನು ನೋಡಲು ಸಾಕ್ಷಿ ಬೇಕಲ್ಲ. ಸಾಕಮ್ಮನವರು ಕೆಳಗೆ ಕಾಫಿ ಕುಡಿಯುತ್ತಿದ್ದಾಗಲೇ ಅನಸೂಯಮ್ಮ ಮಂಚದ ಒಂದು ಕಡೆ ಹಿಡಿದರು, ವಂದನಾ ಇನ್ನೊಂದು ಕಡೆ ಹಿಡಿದಳು. ಗೆರೆ ದಾಟಿಸಿ ಟ್ಯಾಂಕಿನ ಪಕ್ಕ ಇಟ್ಟರು. ಒಗೆದ ಜಮಖಾನ ಹಾಸಿ, ದಿಂಬಿಗೆ ಹೊಸ ಗೌಸು ಹಾಕಿ, ಅನಸೂಯಮ್ಮ ಕೆಳಗಿಳಿದು ಅತ್ತೆಯ ಕೈಹಿಡಿದು ಕರೆತಂದರು. ಅಂಥ ನಡಿಗೆಯನ್ನು ನಾನು ಮದುವೆ ಮನೆಗಳಲ್ಲಿ ಮಾತ್ರ ನೋಡಿದ್ದೇನೆ.

ಸಾಕಮ್ಮನವರು ಮಂಚದ ಮೇಲೆ ಕೂತರು. ಮುಖವನ್ನು ಒಂದು ಸಲ ಗಾಳಿಯ ಕಡೆ, ಒಂದು ಸಲ ಟ್ಯಾಂಕಿನೊಳಗೆ ನೀರು ಬೀಳುವ ಸದ್ದಿನ ಕಡೆ ತಿರುಗಿಸಿದರು. ಕೈಚಾಚಿ ಟ್ಯಾಂಕನ್ನು ಮುಟ್ಟಿದರು.

“ಇಲ್ಲಿಗೆ ಯಾಕೆ ಹಾಕಿದ್ಯೇ ಮಂಚಾನ?”

“ಇದು ನನ್ನ ಪಾಲು ಅತ್ತೆ. ಬಣ್ಣ ಹೊಡಿಸಿದೀನಿ, ಈ ಕಡೆ ಗಾಳಿನೂ ಚೆನ್ನಾಗಿದೆ” ಎಂದರು ಅನಸೂಯಮ್ಮ.

“ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ ನನಗೆ. ಟ್ಯಾಂಕಿನ ಕಡೆ ವಂದನಾದು. ಅವಳೂ ಈಗ ಬಣ್ಣ ಹೊಡಿಸಿದ್ಲೂಂತ ನನ್ನನ್ನ ಇಲ್ಲಿಗೆ ಸಾಗಹಾಕ್ತಿದೀಯಾ?” ಆಮೇಲೆ ಕೆಳದನಿಯಲ್ಲಿ ಕೇಳಿದರು: “ನಾನು ನಿನಗೆ ಭಾರ ಆದ್ನಾ ಅನ್ಸೂಯಾ?”

ವಂದನಾ ತಡೆಯಲಾರದೆ, “ಅತ್ತೆ, ಅದು ಹಾಗಲ್ಲ, ಹೋದ ವರ್ಷ ನಾನು...” ಎಂದು ಶುರುಮಾಡಿದಳು. ಅನಸೂಯಮ್ಮ ಬೊಬ್ಬೆಯಿದ್ದ ಅಂಗೈಯನ್ನು ಚಟಕ್ಕನೆ ಅವಳ ಬಾಯಿಗೆ ಅಡ್ಡ ಹಿಡಿದರು. ನಿಜ ಹೇಳಿದರೆ ಮಂಚ ಅಲ್ಲೇ ಉಳಿಯುತ್ತಿತ್ತು. ಆದರೆ ಹೋದ ಬೇಸಿಗೆ ಅತ್ತೆಗೆ ನೆರಳು ಮಾಡಿದವಳು ಅನಸೂಯ ಅಲ್ಲ, ಬೆನ್ನು ರಕ್ತವಾಗುತ್ತಿದ್ದರೂ ಹಟ ಹಿಡಿದು ತುಕ್ಕು ಉಳಿಸಿಕೊಂಡವಳು ಅನಸೂಯ ಎಂಬುದೂ ಅದರ ಜೊತೆಗೇ ಹೊರಬರುತ್ತಿತ್ತು.

“ತಪ್ಪಾಯ್ತು ಅತ್ತೆ. ಗುಡಿಸೋಕೆ ಅಂತ ಇಲ್ಲಿ ಇಟ್ಟಿದ್ದೆ. ಏಳಿ” ಎಂದರು. ಆಮೇಲೆ ವಂದನಾ ಕಡೆ ತಿರುಗಿ, “ಹಿಡಿ” ಎಂದರು.

ಮಂಚ ಮತ್ತೆ ಗೆರೆ ದಾಟಿತು. ಸಾಕಮ್ಮನವರು ಮಲಗಿ, ಕಾಲು ಚಾಚಿ, ತಲೆಯ ಮೇಲಿನ ಕಾಣದ ಮಾಡಿನ ಕಡೆ ಮುಖ ಮಾಡಿ, “ಹಾಂ, ಈಗ ಸರಿ. ನನಗೆ ನಿನ್ನ ನೆರಳೇ ಸಾಕು. ಇನ್ನೊಬ್ಬರ ಹಂಗು ಬೇಡ” ಎಂದರು. ಅನಸೂಯಮ್ಮ ಮಂಚದ ತುದಿಯಲ್ಲಿ ಕೂತು ಅವರ ಕಾಲು ಒತ್ತಿದರು. ಗೆರೆಯಾಚೆ, ಹೊಸ ಮಾಡಿನ ಕೆಳಗೆ, ಮಂಚ ಎತ್ತುವಾಗ ಜಾರಿದ ಜಮಖಾನ ನೆಲದ ಮೇಲೆ ಹಾಗೇ ಬಿದ್ದಿತ್ತು.

ಸಂಜೆ ಅವರು ನಮ್ಮ ಮನೆಗೆ ಬಂದರು. ಕಿಟಕಿಯ ಹತ್ತಿರ ನಿಂತು, ತಾವೇ ಕೆರೆದು ತಾವೇ ಹೊಡೆಸಿದ ಬಿಳಿಯನ್ನು ಬಹಳ ಹೊತ್ತು ನೋಡಿದರು.

“ಹೊಟ್ಟೆ ಉರೀತಿದೆ ಮೌನಾ.”

“ಇನ್ನೂ ವಂದನಾ ಮೇಲಾ?” ಎಂದು ಕೇಳಿದೆ, ಮಜ್ಜಿಗೆ ಬಗ್ಗಿಸುತ್ತ.

“ಅವಳ ಮೇಲಲ್ಲ. ಅತ್ತೆ ದಿನಾ ಹೊಗಳ್ತಾರಲ್ಲ, ಕೇಳೋ ಮುಂಚೆನೇ ನೆರಳು ಮಾಡಿಕೊಟ್ಟ ಒಬ್ಬ ಅನ್ಸೂಯ. ಅವಳ ಮೇಲೆ” ಎಂದು ಲೋಟಕ್ಕೆ ಕೈಚಾಚಿದರು.